ಉಪ್ಪಿನ ಬಯಲಿನಲ್ಲಿ ಒಂದು ಹಿಡಿ ಮಣ್ಣು

ಹಂಗಾರಕಟ್ಟೆಯಲ್ಲಿ ಹುಟ್ಟಿ ಬೆಳೆದವನು ನೀರಿನ ಕೊರತೆಯೆಂದರೆ ಏನೆಂಬುದನ್ನು ಪುಸ್ತಕದಿಂದಲೇ ತಿಳಿಯಬೇಕು. ಸೀತಾ ಮತ್ತು ಸ್ವರ್ಣಾ ನದಿಗಳು ಒಂದುಗೂಡಿ ಅರಬ್ಬೀ ಸಮುದ್ರವನ್ನು ಸೇರುವ ಅಳಿವೆಯ ದಡದಲ್ಲಿ ನಮ್ಮ ಊರಿದೆ. ನೀರಿನ ಆಚೆ ದಡದಲ್ಲಿ ಕೋಡಿ ಬೆಂಗ್ರೆ. ಇಂದು ಜನರನ್ನೂ ವಾಹನಗಳನ್ನೂ ಬಾರ್ಜು ದಾಟಿಸುತ್ತದೆ. ನನ್ನ ಬಾಲ್ಯದಲ್ಲಿ ದಾಟಿಸುತ್ತಿದ್ದುದು ದೋಣಿಗಳು. ಅಂತಹ ಒಂದು ದೋಣಿಗೆ ನನ್ನ ತಂದೆಯವರು ಹುಟ್ಟು ಹಾಕುತ್ತಿದ್ದರು. ಮಳೆಗಾಲದಲ್ಲಿ ನಮ್ಮ ಅಂಗಳವೇ ಹೊಳೆಯಾಗುತ್ತಿತ್ತು. ವುಝೂ ಮಾಡಲು ಬಾವಿ, ಕೆರೆ, ಮಸೀದಿಯ ಹೌಝ್, ಯಾವುದಕ್ಕೂ ಬರವಿರಲಿಲ್ಲ.

ಇಂತಹ ಊರಿನ ಮದ್ರಸದಲ್ಲಿ ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಮಕ್ಕಳಿಗೆ ತಯಮ್ಮುಮ್‌ನ ಪಾಠ ಹೇಳುತ್ತಾ ಬಂದಿದ್ದೇನೆ. ನೀರು ಸಿಗದಿದ್ದಾಗ ಅಥವಾ ನೀರಿನ ಬಳಕೆಯಿಂದ ಹಾನಿಯಾಗುವುದಾದಾಗ ಶುದ್ಧವಾದ ಮಣ್ಣಿನ ಧೂಳನ್ನು ಮುಖಕ್ಕೂ ಕೈಗಳಿಗೂ ಸವರಿಕೊಂಡು ನಮಾಝಿಗೆ ನಿಲ್ಲುವ ಆ ವಿಧಿಯ ಷರತ್ತುಗಳನ್ನು, ಫರ್ಝ್‌ಗಳನ್ನು, ಅದನ್ನು ಅಸಿಂಧುಗೊಳಿಸುವ ಸಂಗತಿಗಳನ್ನು ಕಂಠಪಾಠ ಮಾಡಿಸಿದ್ದೇನೆ. ಆದರೆ ಒಮ್ಮೆಯೂ ಸ್ವತಃ ತಯಮ್ಮುಮ್ ಮಾಡಿರಲಿಲ್ಲ. ಅದರ ಅಗತ್ಯ ನನ್ನ ಮನೆಯೊಳಗೇ ಒಂದು ಸಲ ಬಂದಿತ್ತು. ಆಗ ನಾನು ಏನು ಮಾಡಿದೆ ಎಂಬುದನ್ನು ಮುಂದೆ ಹೇಳುತ್ತೇನೆ. ಅದನ್ನು ಹೇಳುವ ಧೈರ್ಯ ಬಂದುದು ಸಮುದ್ರಮಟ್ಟದಿಂದ ನಾಲ್ಕೂವರೆ ಸಾವಿರ ಮೀಟರ್ ಎತ್ತರದ ಒಂದು ಉಪ್ಪಿನ ಬಯಲಿನಲ್ಲಿ.

2024ರ ದಸರಾ ರಜೆಯಲ್ಲಿ ಲಡಾಖ್‌ಗೆ ಹೋಗುವ ಅವಕಾಶ ಒದಗಿತು. ಗಲ್ಫ್‌ನಲ್ಲಿ ದುಡಿಯುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರು ತಾವು ಸೇರಲಿದ್ದ ಪ್ರವಾಸಿ ತಂಡದಲ್ಲಿ ನನಗೂ ಒಂದು ಸ್ಥಾನವನ್ನು ಕಾದಿರಿಸಿ, ಉಸ್ತಾದರು ಬೇಡವೆನ್ನಬಾರದೆಂದು ಹಟ ಹಿಡಿದರು. ಎಂಟು ದಿನಗಳ ಪ್ರವಾಸ. ಹನ್ನೆರಡು ಮಂದಿಯ ತಂಡ. ಒಬ್ಬ ಮಾರ್ಗದರ್ಶಿ, ಇಬ್ಬರು ಚಾಲಕರು. ತಂಡದಲ್ಲಿ ನಾವು ಮೂವರು ಮುಸ್ಲಿಮರು. ಉಳಿದವರು ಉಡುಪಿ ಮತ್ತು ಮಂಗಳೂರಿನ ಕಡೆಯವರು. ಅವರಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಪತ್ನಿಯೊಂದಿಗೆ ಬಂದಿದ್ದರು. ಪ್ರಶ್ನೆ ಕೇಳುವುದರಲ್ಲಿ ನನ್ನ ಮದ್ರಸದ ಮಕ್ಕಳನ್ನೂ ಮೀರಿಸಿದವರು.

ಲೇಹ್ ಪಟ್ಟಣ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ವಿಮಾನ ಇಳಿದೊಡನೆ ಮಾರ್ಗದರ್ಶಿಯು ನಮ್ಮೆಲ್ಲರನ್ನೂ ಕುಳ್ಳಿರಿಸಿ ಹೇಳಿದ್ದು ಒಂದೇ ಮಾತು: ಎರಡು ದಿನ ಏನೂ ಮಾಡಬೇಡಿ, ದೇಹವು ಈ ತೆಳುಗಾಳಿಯನ್ನು ಕಲಿಯಲಿ. ಉಳಿದವರು ಕೇಳಿದರು. ನಾನು ಕೇಳಲಿಲ್ಲ. ಮುಖ್ಯ ಬಜಾರಿನಲ್ಲಿರುವ ಜಾಮಿಅ ಮಸೀದಿಯನ್ನು ನೋಡದೆ ಮಲಗುವುದು ಹೇಗೆ? 17ನೇ ಶತಮಾನದಲ್ಲಿ, ಔರಂಗಜೇಬನ ಕಾಲದಲ್ಲಿ, ಲಡಾಖಿನ ಬೌದ್ಧ ಅರಸನೊಡನೆ ಆದ ಒಪ್ಪಂದದಂತೆ ಕಟ್ಟಲ್ಪಟ್ಟ ಮಸೀದಿಯದು. ಅಂದು ಜಮಾಅತ್‌ಗೆಂದು ಮೂರು ಸಲ ನಡೆದು ಹೋದೆ. ಮೂರನೆಯ ಸಲ ಹಿಂತಿರುಗುವಾಗ ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಂಡೆ. ಆದರೂ ಮನಸ್ಸಿನೊಳಗೆ ಒಂದು ತೃಪ್ತಿಯಿತ್ತು. ಅದು ಇಬಾದತ್‌ನ ತೃಪ್ತಿಯೆಂದು ಆಗ ಭಾವಿಸಿದ್ದೆ. ಅದರಲ್ಲಿ ಅಹಂಕಾರದ ಪಾಲೆಷ್ಟು ಎಂಬುದನ್ನು ಅಲ್ಲಾಹನೇ ಬಲ್ಲನು.

ಮೂರನೆಯ ದಿನ ಖರ್ದುಂಗ್ ಲಾ ಕಣಿವೆದಾರಿಯನ್ನು ದಾಟಿ ನುಬ್ರಾಕ್ಕೆ ಇಳಿದೆವು. ಹುಂಡರ್ ಎಂಬಲ್ಲಿ ಹಿಮಶಿಖರಗಳ ಬುಡದಲ್ಲಿ ಮರಳಿನ ದಿಬ್ಬಗಳಿವೆ. ದಿಬ್ಬಗಳ ನಡುವೆ ಎರಡು ಡುಬ್ಬಗಳ ಒಂಟೆಗಳು. ನಮ್ಮ ಚಾಲಕರು ಲೇಹ್‌ನ ಅರ್ಗೋನ್ ಸಮುದಾಯದವರು, ಅರುವತ್ತರ ಹತ್ತಿರದ ಮಿತಭಾಷಿ. ಯಾರ್ಕಂದ್ ಮತ್ತು ಕಾಶ್ಮೀರದಿಂದ ಬಂದ ಮುಸ್ಲಿಮ್ ವರ್ತಕರಿಗೂ ಲಡಾಖಿನ ಹೆಣ್ಣುಮಕ್ಕಳಿಗೂ ಆದ ವಿವಾಹಗಳಿಂದ ಬೆಳೆದ ಸಮುದಾಯವದು. ಈ ಒಂಟೆಗಳು ಯಾರ್ಕಂದ್‌ನಿಂದ ಲೇಹ್‌ಗೆ ಸರಕು ತರುತ್ತಿದ್ದ ಕಾರವಾನ್‌ಗಳ ಸಂತತಿಯೆಂದೂ, 1950ರ ಹೊತ್ತಿಗೆ ಗಡಿ ಮುಚ್ಚಿದ ಮೇಲೆ ಅವು ಇಲ್ಲಿಯೇ ಉಳಿದುಹೋದವೆಂದೂ ಅವರು ತಿಳಿಸಿದರು. ಅವರ ಅಜ್ಜ ಆ ದಾರಿಯಲ್ಲಿ ನಡೆದವರಂತೆ.

ಮಳೆಯೇ ಇಲ್ಲದ ಈ ನಾಡು ಹೇಗಾಯಿತೆಂದು ಬ್ಯಾಂಕ್ ಅಧಿಕಾರಿಗಳು ಕೇಳಿದರು. ನಮ್ಮ ಕರಾವಳಿಯಲ್ಲಿ ಸಮುದ್ರದಿಂದ ಬಂದ ಮೋಡವನ್ನು ಪಶ್ಚಿಮಘಟ್ಟಗಳು ತಡೆದು ನಮ್ಮ ಮೇಲೆಯೇ ಸುರಿಸುತ್ತವೆ. ಘಟ್ಟದಾಚೆಯ ಬಯಲುಸೀಮೆಗೆ ಉಳಿಕೆ ಮಾತ್ರ. ಇಲ್ಲಿ ಹಿಮಾಲಯವು ಅದೇ ಕೆಲಸವನ್ನು ಇನ್ನೂ ಕಟ್ಟುನಿಟ್ಟಾಗಿ ಮಾಡುತ್ತದೆ. ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಮತ್ತು ಹಿಮ ಎಲ್ಲ ಸೇರಿ ಸುಮಾರು 100 ಮಿಲಿಮೀಟರ್. ನಮ್ಮಲ್ಲಿ ಜುಲೈ ತಿಂಗಳ ಒಂದು ಜಡಿಮಳೆಯ ದಿನದಲ್ಲಿ ಅಷ್ಟು ಸುರಿದುಬಿಡುತ್ತದೆ. ಒಬ್ಬನೇ ಒಡೆಯನು ಒಂದು ನಾಡಿಗೆ ನೀರನ್ನೂ ಇನ್ನೊಂದು ನಾಡಿಗೆ ಧೂಳನ್ನೂ ಕೊಟ್ಟನು. ಎರಡರಿಂದಲೂ ಶುದ್ಧಿಯಾಗುವ ದಾರಿಯನ್ನೂ ಅವನೇ ತೋರಿಸಿದನು.

ಪ್ರವಾಸದುದ್ದಕ್ಕೂ ಕಿಬ್ಲಾದ ವಿಚಾರದಲ್ಲಿ ನನಗೊಂದು ವಿಚಿತ್ರ ಅನುಭವವಾಯಿತು. ಊರಿನಲ್ಲಿ ನಾವು ಪಶ್ಚಿಮಕ್ಕೆ ನಿಂತು ತುಸು ಬಲಕ್ಕೆ, ಅಂದರೆ ಉತ್ತರದ ಕಡೆಗೆ ತಿರುಗುತ್ತೇವೆ. ಲಡಾಖ್‌ನಲ್ಲಿ ಪಶ್ಚಿಮದಿಂದ ತುಸು ಎಡಕ್ಕೆ, ದಕ್ಷಿಣದ ಕಡೆಗೆ ತಿರುಗಬೇಕು. ನಲ್ವತ್ತು ವರ್ಷಗಳ ಅಭ್ಯಾಸದ ದೇಹ ಪ್ರತಿಸಲವೂ ಬಲಕ್ಕೆ ವಾಲುತ್ತಿತ್ತು. ಗುರಿ ಒಂದೇ ಆದರೂ ನಿಂತ ನೆಲ ಬದಲಾದಾಗ ತಿರುಗುವ ಬಗೆ ಬದಲಾಗಬೇಕು. ಇದನ್ನು ದೇಹಕ್ಕೆ ಕಲಿಸಿದೆ; ಮನಸ್ಸಿಗೆ ಕಲಿಸಲಿಲ್ಲ. ನಾನು ಮುಸಾಫಿರ್ ಆಗಿದ್ದೆ. ನಾಲ್ಕು ರಕ್‌ಅತ್‌ಗಳನ್ನು ಎರಡಾಗಿ ಕಿರಿದುಗೊಳಿಸುವ ಕಸ್ರ್, ಎರಡು ಹೊತ್ತಿನ ನಮಾಝ್‌ಗಳನ್ನು ಒಟ್ಟುಗೂಡಿಸುವ ಜಮ್‌ಅ, ಎರಡೂ ನನಗೆ ಅನುಮತಿಸಲ್ಪಟ್ಟಿದ್ದವು. ಇಷ್ಟು ದೀರ್ಘವಾದ ಪ್ರಯಾಣದಲ್ಲಿ ಕಸ್ರ್ ಮಾಡುವುದೇ ಉತ್ತಮವೆಂದು ನಮ್ಮ ಶಾಫಿಈ ಗ್ರಂಥಗಳಲ್ಲಿಯೇ ಇದೆ. ಆದರೂ ನಾನು ಪೂರ್ಣವಾಗಿಯೇ ನಿರ್ವಹಿಸಿದೆ. ನನ್ನ ವಿದ್ಯಾರ್ಥಿಗಳಿಬ್ಬರು ಕಸ್ರ್ ಮಾಡಿ ಎದ್ದು, ನಾನು ಮುಗಿಸುವವರೆಗೆ ಚಳಿಯಲ್ಲಿ ಕಾಯುತ್ತಿದ್ದರು.

ಪಾಂಗೋಂಗ್ ಸರೋವರದ ದಡದಲ್ಲಿ ಒಂದು ರಾತ್ರಿ ಕಳೆದು, ಚುಶೂಲ್, ನ್ಯೋಮಾ, ಮಾಹೆಗಳ ಮಾರ್ಗವಾಗಿ ತ್ಸೋ ಮೊರಿರಿಯನ್ನು ತಲುಪಿದೆವು. ಅಲ್ಲಿಂದ ಆರನೆಯ ದಿನ, ನೆಲದಿಂದ ಬಿಸಿನೀರು ಗಂಧಕದ ವಾಸನೆಯೊಡನೆ ಉಕ್ಕುವ ಪೂಗಾ ಕಣಿವೆಯನ್ನು ಹಾದು, ಪೊಲೊಕೊಂಕಾ ಕಣಿವೆದಾರಿಯನ್ನೇರಿ ಇಳಿದಾಗ ಮುಂದೆ ಬಿಳಿಯ ಬಯಲೊಂದು ತೆರೆದುಕೊಂಡಿತು. ಹಿಮವೆಂದು ಭಾವಿಸಿದೆ. ಹಿಮವಲ್ಲ, ಉಪ್ಪು. ಅದೇ ತ್ಸೋ ಕಾರ್, ಲಡಾಖಿ ಮಾತಿನಲ್ಲಿ ಬಿಳಿಯ ಸರೋವರ.

ಇಲ್ಲಿ ಎರಡು ಸರೋವರಗಳಿವೆ. ಚಿಕ್ಕದಾದ ಸ್ಟಾರ್ತ್ಸಾಪುಕ್‌ನ ನೀರು ಸಿಹಿ. ಅದು ಹರಿದು ತ್ಸೋ ಕಾರ್‌ಗೆ ಸೇರುತ್ತದೆ. ತ್ಸೋ ಕಾರ್‌ನಿಂದ ಮಾತ್ರ ನೀರು ಎಲ್ಲಿಗೂ ಹರಿದು ಹೋಗುವುದಿಲ್ಲ. ಬಂದ ನೀರು ಬಿಸಿಲಿಗೂ ಗಾಳಿಗೂ ಆವಿಯಾಗುತ್ತದೆ, ಅದು ಹೊತ್ತು ತಂದ ಲವಣ ಉಳಿಯುತ್ತದೆ. ಒಂದು ಕಾಲಕ್ಕೆ ಸರೋವರ ಇನ್ನೂ ಬಹಳ ದೊಡ್ಡದಾಗಿತ್ತೆಂಬುದಕ್ಕೆ ಸುತ್ತಲಿನ ಗುಡ್ಡಗಳ ಇಳಿಜಾರಿನಲ್ಲಿ ಹಳೆಯ ದಡಗಳ ಗೆರೆಗಳು ಮೆಟ್ಟಿಲುಗಳಂತೆ ಕಾಣುತ್ತವೆ. 2020ರಲ್ಲಿ ಇದನ್ನು ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿಸಲಾಯಿತು. ಕಪ್ಪು ಕೊರಳಿನ ಕೊಕ್ಕರೆಗಳ ಜೋಡಿಯೊಂದು ದೂರದ ಜೌಗಿನಲ್ಲಿ ನಿಂತಿತ್ತು. ಪಶ್ಮೀನಾ ಆಡುಗಳನ್ನು ಸಾಕುವ ಚಾಂಗ್ಪಾ ಅಲೆಮಾರಿಗಳು ಹಿಂದೆ ಇಲ್ಲಿಯ ಉಪ್ಪನ್ನು ಬಳಿದು, ಕುರಿಗಳ ಬೆನ್ನಿಗೆ ಚಿಕ್ಕ ಚೀಲಗಳಲ್ಲಿ ಕಟ್ಟಿ, ಹಳ್ಳಿಗಳಿಗೊಯ್ದು ಬಾರ್ಲಿಗೆ ಬದಲಾಯಿಸುತ್ತಿದ್ದರು. ಅಂಗಡಿಗಳಿಗೆ ಅಯೋಡಿನ್ ಬೆರೆಸಿದ ಅಗ್ಗದ ಉಪ್ಪು ಬಂದ ಮೇಲೆ ಆ ಕಸುಬು ನಿಂತುಹೋಯಿತು.

ದಡದಲ್ಲಿ ನಿಂತಾಗ ಬ್ಯಾಂಕ್ ಅಧಿಕಾರಿಗಳು ಕೇಳಿದರು: “ಉಸ್ತಾದರೇ, ಈ ಉಪ್ಪುನೀರಿನಲ್ಲಿ ನಿಮ್ಮ ವುಝೂ ಆಗುತ್ತದೆಯೇ?” ನನಗೆ ಬೇಕಾದ ಪ್ರಶ್ನೆಯೇ ಅದು. ಸಮುದ್ರಯಾನದಲ್ಲಿ ಕುಡಿಯುವ ನೀರು ಕಡಿಮೆಯಿದ್ದಾಗ ಸಮುದ್ರದ ನೀರಿನಿಂದ ವುಝೂ ಮಾಡಬಹುದೇ ಎಂದು ಒಬ್ಬರು ಪ್ರವಾದಿಯವರೊಡನೆ(ಸ) ಕೇಳಿದುದನ್ನೂ, ಅದರ ನೀರು ಶುದ್ಧೀಕರಿಸುವಂಥದೆಂದು ಅವರು ಉತ್ತರಿಸಿದುದನ್ನೂ ಹೇಳಿದೆ. ನೀರಿನಿಂದಲೇ ಆದ ಉಪ್ಪು ಕರಗಿದರೆ ನೀರಿನ ಗುಣ ಕೆಡುವುದಿಲ್ಲ, ಗಣಿಯ ಉಪ್ಪಿನ ವಿಚಾರ ಬೇರೆ ಎಂದು ನಮ್ಮ ಗ್ರಂಥಗಳ ಸೂಕ್ಷ್ಮವನ್ನೂ ವಿವರಿಸಿದೆ. ಅಷ್ಟಕ್ಕೇ ನಿಲ್ಲಿಸದೆ ಇಬ್ನ್ ಬತೂತಾರ ಕಥೆಗೂ ಹೋದೆ. 14ನೇ ಶತಮಾನದ ಆ ಯಾತ್ರಿಕರು ನಮ್ಮ ಅಳಿವೆಯ ಒಳಗಿರುವ ಬಾರಕೂರಿಗೆ ಬಂದಿದ್ದರು. ಅದನ್ನು ಫಾಕನೂರ್ ಎಂದು ಕರೆದು, ಅಲ್ಲಿಯ ಮುಸ್ಲಿಮರನ್ನೂ ಖಾಝಿಯವರನ್ನೂ ಜುಮಾ ಮಸೀದಿಯನ್ನೂ ದಾಖಲಿಸಿದ್ದಾರೆ. ಅದೇ ಯಾತ್ರಿಕರು 1352ರಲ್ಲಿ ಸಹಾರಾ ಮರುಭೂಮಿಯನ್ನು ದಾಟುವಾಗ ತಗಾಝಾ ಎಂಬ ಉಪ್ಪಿನ ಗಣಿಯ ಹಳ್ಳಿಯಲ್ಲಿ ಮನೆಗಳನ್ನೂ ಮಸೀದಿಯನ್ನೂ ಉಪ್ಪಿನ ಗಡ್ಡೆಗಳಿಂದಲೇ ಕಟ್ಟಿ, ಮೇಲೆ ಒಂಟೆಯ ತೊಗಲು ಹೊದಿಸಿದ್ದನ್ನು ಕಂಡರು. ಎಲ್ಲರೂ ಆಸಕ್ತಿಯಿಂದ ಆಲಿಸಿದರು. ನಮ್ಮ ಚಾಲಕರು ಮಾತ್ರ ನನ್ನ ಮುಖವನ್ನು ನೋಡುತ್ತಿದ್ದರು. ಆಮೇಲೆ ಮೆಲ್ಲನೆ ಉರ್ದುವಿನಲ್ಲಿ ಹೇಳಿದರು: “ಮೌಲಾನಾ ಸಾಹೇಬರೇ, ನಿಮ್ಮ ತುಟಿ ನೀಲಿಯಾಗಿದೆ. ಒಳಗೆ ಹೋಗಿ ಮಲಗಿರಿ.”

ಆ ರಾತ್ರಿ ಸರೋವರದ ಪಕ್ಕದ ಥುಕ್ಜೆ ಎಂಬ ಪುಟ್ಟ ಹಳ್ಳಿಯ ಒಂದು ಮನೆಯಲ್ಲಿ ತಂಗಿದೆವು. ಆ ಎತ್ತರದಲ್ಲಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಸಮುದ್ರತೀರದ ಐದರಲ್ಲಿ ಮೂರು ಪಾಲಿಗಿಂತಲೂ ಕಡಿಮೆ. ನಡುರಾತ್ರಿಯ ಹೊತ್ತಿಗೆ ತಲೆ ಸಿಡಿಯತೊಡಗಿತು. ಎರಡು ಸಲ ವಾಂತಿಯಾಯಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಫಜ್ರ್‌ನ ಹೊತ್ತಿಗೆ ಗೋಡೆ ಹಿಡಿದು ಹೊರಗೆ ಬಂದೆ. ಬಾಲ್ದಿಯ ನೀರಿನ ಮೇಲೆ ಮಂಜುಗಡ್ಡೆ ಕಟ್ಟಿತ್ತು. ಅದನ್ನು ಚೊಂಬಿನಿಂದ ಒಡೆದೆ. ಕೈ ಅದ್ದಿದೊಡನೆ ಮೈಯೆಲ್ಲ ನಡುಗಿ, ಕಣ್ಣು ಕತ್ತಲಿಟ್ಟು, ಅಲ್ಲಿಯೇ ಕುಸಿದು ಕುಳಿತೆ.

ಚಾಲಕರು ಎದ್ದು ಬಂದರು. ನನ್ನ ಕೈಯಿಂದ ಚೊಂಬನ್ನು ತೆಗೆದು ದೂರವಿಟ್ಟರು. ಒಲೆ ಹೊತ್ತಿಸಿ ನೀರು ಕಾಯಿಸೋಣವೇ ಎಂದು ನಾನು ತೊದಲಿದೆ. ಒಲೆ ಇರುವ ಕೋಣೆಯಲ್ಲಿ ಮನೆಯವರು ಮಲಗಿದ್ದರು, ಸೂರ್ಯೋದಯಕ್ಕೆ ಹೆಚ್ಚು ಹೊತ್ತಿರಲಿಲ್ಲ. ನಾನು ಎದುರಿನ ಬಿಳಿಯ ನೆಲದತ್ತ ಕೈ ಚಾಚಿದೆ. ಅವರು ತಡೆದರು: “ಅದು ಉಪ್ಪು, ಮಣ್ಣಲ್ಲ.” ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಆ ಕ್ಷಣದಲ್ಲಿ ಅದೂ ನೆನಪಾಗಲಿಲ್ಲ. ಅವರು ಮನೆಯ ಹಸಿಯಿಟ್ಟಿಗೆಯ ಗೋಡೆಯ ಬುಡದಿಂದ ಒಣಗಿದ ಮಣ್ಣನ್ನು ಬೊಗಸೆಯಲ್ಲಿ ತಂದು, ತಮ್ಮ ಶುಭ್ರವಾದ ಕರವಸ್ತ್ರದ ಮೇಲೆ ಹರಡಿ ನನ್ನ ಮುಂದಿಟ್ಟರು. “ಅಲ್ಲಾಹನು ಕೊಟ್ಟಿದ್ದನ್ನು ತೆಗೆದುಕೊಳ್ಳಿ. ಬೆಟ್ಟದೊಡನೆ ಹಟ ಬೇಡ,” ಎಂದರು. ಜೀವನದಲ್ಲಿ ಮೊದಲ ಬಾರಿಗೆ ಮಣ್ಣಿನ ಮೇಲೆ ಅಂಗೈ ತಟ್ಟಿ ಮುಖಕ್ಕೆ ಸವರಿಕೊಂಡೆ. ಮತ್ತೊಮ್ಮೆ ತಟ್ಟಿ ಕೈಗಳಿಗೆ. ಆಮೇಲೆ ಕುಳಿತೇ ಎರಡು ರಕ್‌ಅತ್ ನಿರ್ವಹಿಸಿದೆ. ಸುಜೂದಿನಲ್ಲಿ ನನಗೆ ಅಳು ಬಂದಿತು. ಅದು ತಲೆನೋವಿನ ಅಳುವಾಗಿರಲಿಲ್ಲ.

ಈಗ ನನ್ನ ತಂದೆಯವರ ವಿಚಾರವನ್ನು ಹೇಳುತ್ತೇನೆ. ಆರು ವರ್ಷಗಳ ಹಿಂದೆ ಅವರ ಬಲಗಾಲಿನಲ್ಲಿ ಸಕ್ಕರೆ ಕಾಯಿಲೆಯ ಹುಣ್ಣಾಯಿತು. ಕೊಳೆತ ಭಾಗವನ್ನು ತೆಗೆದು ಪಟ್ಟಿ ಕಟ್ಟಿದ ವೈದ್ಯರು, ಒಂದು ತಿಂಗಳು ಆ ಕಾಲಿಗೆ ನೀರು ಸೋಕಬಾರದೆಂದು ಸ್ಪಷ್ಟವಾಗಿ ಹೇಳಿ ಕಳುಹಿಸಿದ್ದರು. ಮನೆಗೆ ಬಂದ ಮೊದಲ ದಿನವೇ ತಂದೆಯವರು ವುಝೂವಿಗೆ ನೀರು ಕೇಳಿದರು. ಆಯುಷ್ಯವೆಲ್ಲ ನೀರಿನ ಮೇಲೆ ಕಳೆದವನು ನಾನು, ಮಣ್ಣು ಸವರಿಕೊಂಡು ನಮಾಝಿಗೆ ನಿಲ್ಲಲೇ ಎಂದರು. ನೀರು ತಾಗಬಾರದ ಅಂಗವನ್ನು ಬಿಟ್ಟು ಉಳಿದುದನ್ನು ತೊಳೆದು, ಆ ಅಂಗದ ಪಾಲಿಗೆ ತಯಮ್ಮುಮ್ ಮಾಡಬೇಕೆಂಬುದು ನನಗೆ ಗೊತ್ತಿತ್ತು. ಅದೇ ವಾರ ಮದ್ರಸದಲ್ಲಿ ಆ ಪಾಠವನ್ನೇ ಮಾಡಿದ್ದೆ. ಒಂದು ಸಲ ಹೇಳಿದೆ; ಅವರು ತಲೆಯಾಡಿಸಿದರು. ಎರಡನೆಯ ಸಲ ಹೇಳಲಿಲ್ಲ. ಅವರ ದೃಢತೆಯ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು. ನೋಡಲು ಬಂದವರೊಡನೆ, ಈ ಸ್ಥಿತಿಯಲ್ಲಿಯೂ ನಮ್ಮ ಬಾಪಾ ವುಝೂ ಬಿಟ್ಟಿಲ್ಲ ಎಂದು ಹೇಳಿಕೊಂಡೆ. ದಿನಕ್ಕೆ ಐದು ಸಲ ಆ ಕಾಲಿನ ಮೇಲೆ ನೀರು ಹೊಯ್ದವನು ನಾನೇ. ಮೂರನೆಯ ವಾರ ಹುಣ್ಣು ಮತ್ತೆ ಕೀವುಗಟ್ಟಿತು. ಮೂರು ಬೆರಳುಗಳನ್ನು ತೆಗೆಯಬೇಕಾಯಿತು. ಆಮೇಲೆ ಅವರು ದೋಣಿಯನ್ನು ಹತ್ತಲಿಲ್ಲ. ಎರಡು ವರ್ಷ ಬದುಕಿದ್ದರು. ಒಂದು ದಿನವೂ ನನ್ನನ್ನು ದೂರಲಿಲ್ಲ. ಅವರು ದೂರುತ್ತಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಅಬೂದಾವೂದ್‌ನಲ್ಲಿ ವರದಿಯಾದ ಒಂದು ಘಟನೆಯನ್ನು ಓದುಗರು ಕೇಳಿರಬಹುದು. ಪ್ರಯಾಣದಲ್ಲಿ ಒಬ್ಬರ ತಲೆಗೆ ಕಲ್ಲು ಬಡಿದು ಗಾಯವಾಗಿತ್ತು. ಅವರಿಗೆ ಸ್ನಾನ ಕಡ್ಡಾಯವಾಯಿತು. ತಯಮ್ಮುಮ್‌ಗೆ ಅವಕಾಶವಿದೆಯೇ ಎಂದು ಸಂಗಾತಿಗಳೊಡನೆ ಕೇಳಿದರು. ನೀರಿರುವಾಗ ನಿನಗೆ ಆ ಅವಕಾಶವಿಲ್ಲ ಎಂದು ಅವರು ಹೇಳಿಬಿಟ್ಟರು. ಗಾಯಾಳು ಸ್ನಾನ ಮಾಡಿದರು, ಮರಣ ಹೊಂದಿದರು. ವಿಷಯ ತಿಳಿದ ಪ್ರವಾದಿಯವರು(ಸ) ತೀವ್ರವಾಗಿ ನೊಂದು, ಅವರೇ ಆತನನ್ನು ಕೊಂದರೆಂದರು. ತಿಳಿಯದಿದ್ದಾಗ ಕೇಳಬಾರದಿತ್ತೇ, ಅಜ್ಞಾನಕ್ಕೆ ಔಷಧಿ ಕೇಳುವುದೇ ಅಲ್ಲವೇ ಎಂದರು. ಈ ಹದೀಸನ್ನು ನಾನು ಎಷ್ಟೋ ಸಲ ಪಾಠ ಮಾಡಿದ್ದೇನೆ, ಪ್ರತಿಸಲವೂ ಅಜ್ಞಾನಿಗಳಾದ ಆ ಸಂಗಾತಿಗಳ ಬಗ್ಗೆ ಮರುಗಿದ್ದೇನೆ. ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಕೇಳುವುದರಿಂದ ವಾಸಿಯಾಗುವ ರೋಗ ಅವರದಾಗಿತ್ತು. ಗೊತ್ತಿದ್ದೂ ಸುಮ್ಮನಿದ್ದವನ ರೋಗಕ್ಕೆ ಔಷಧಿಯೇನು?

ಅದೇ ಗ್ರಂಥದಲ್ಲಿ ಅಮ್ರ್ ಬಿನ್ ಆಸ್‌ರವರ(ರ) ಘಟನೆಯೂ ಇದೆ. ದಂಡಯಾತ್ರೆಯ ಒಂದು ಕೊರೆಯುವ ಚಳಿಯ ರಾತ್ರಿ ಸ್ನಾನ ಮಾಡಿದರೆ ಪ್ರಾಣಕ್ಕೆ ಅಪಾಯವೆಂದು ಭಾವಿಸಿ ತಯಮ್ಮುಮ್ ಮಾಡಿ ಅವರು ನಮಾಝಿಗೆ ನೇತೃತ್ವ ನೀಡಿದರು. ಪ್ರವಾದಿಯವರು(ಸ) ವಿಚಾರಿಸಿದಾಗ, ನಿಮ್ಮನ್ನು ನೀವೇ ಕೊಂದುಕೊಳ್ಳದಿರಿ ಎಂಬ ಅಲ್ಲಾಹನ ಆಜ್ಞೆಯನ್ನು ನೆನಪಿಸಿದರು. ಪ್ರವಾದಿಯವರು(ಸ) ನಕ್ಕರು, ಏನನ್ನೂ ಹೇಳಲಿಲ್ಲ. ಒಂದು ಘಟನೆಯಲ್ಲಿ ನೋವು, ಇನ್ನೊಂದರಲ್ಲಿ ನಗು. ಕಸ್ರ್‌ನ ಬಗ್ಗೆ ಉಮರ್‌ರವರು(ರ) ಕೇಳಿದಾಗ ಅದು ಅಲ್ಲಾಹನು ನಿಮಗೆ ನೀಡಿದ ದಾನ, ಸ್ವೀಕರಿಸಿರಿ ಎಂದು ಪ್ರವಾದಿಯವರು(ಸ) ಹೇಳಿದುದಾಗಿ ಮುಸ್ಲಿಮ್‌ನಲ್ಲಿದೆ. ದಾನವನ್ನು ಕೊಡುವುದರ ಪುಣ್ಯವನ್ನು ನಾವು ಬಲ್ಲೆವು. ಅಲ್ಲಾಹನು ಕೊಡುವ ದಾನಕ್ಕೆ ಕೈ ಒಡ್ಡಲು ಮಾತ್ರ ನಮಗೆ ನಾಚಿಕೆ. ಬೇಡವೆಂದವನು ತನ್ನನ್ನು ಶ್ರೀಮಂತನೆಂದು ಭಾವಿಸಿರುತ್ತಾನೆ. ಅವನ ಮುಂದೆ ಶ್ರೀಮಂತರು ಯಾರಿದ್ದಾರೆ?

ಬೆಳಗಾದೊಡನೆ ಮಾರ್ಗದರ್ಶಿ ನನಗೆ ಸಿಲಿಂಡರಿನ ಆಮ್ಲಜನಕವನ್ನು ಕೊಟ್ಟು, ಅಂದಿನ ಕಾರ್ಯಕ್ರಮವನ್ನು ಕೈಬಿಟ್ಟು ವಾಹನ ಹೊರಡಿಸಿದರು. 5,300 ಮೀಟರ್‌ಗೂ ಎತ್ತರದ ತಗ್ಲಾಂಗ್ ಲಾವನ್ನು ಎಲ್ಲಿಯೂ ನಿಲ್ಲದೆ ದಾಟಿ, ಸಿಂಧೂ ಕಣಿವೆಗೆ ಇಳಿದೆವು. ಇಳಿದಂತೆಲ್ಲ ತಲೆ ಹಗುರವಾಯಿತು. ನನ್ನಿಂದಾಗಿ ಹನ್ನೊಂದು ಮಂದಿ ಒಂದು ದಿನದ ಪ್ರವಾಸವನ್ನು ಕಳೆದುಕೊಂಡರು, ಯಾರೂ ಗೊಣಗಲಿಲ್ಲ. ಬ್ಯಾಂಕ್ ಅಧಿಕಾರಿಗಳ ಪತ್ನಿ ದಾರಿಯುದ್ದಕ್ಕೂ ನನಗೆ ಬಿಸಿನೀರು ಕುಡಿಸಿದರು. ಲೇಹ್‌ನಲ್ಲಿ ಅಂದು ಲುಹ್ರ್ ಮತ್ತು ಅಸ್ರ್‌ಗಳನ್ನು ಎರಡೆರಡು ರಕ್‌ಅತ್‌ಗಳಾಗಿ ಒಟ್ಟುಗೂಡಿಸಿ, ನನ್ನ ವಿದ್ಯಾರ್ಥಿಯ ಹಿಂದೆ ನಿಂತು ನಿರ್ವಹಿಸಿದೆ. ಚಳಿಯ ಕಾರಣದಿಂದ ತಯಮ್ಮುಮ್ ಮಾಡಿದವನು ಆ ನಮಾಝನ್ನು ಮತ್ತೆ ನಿರ್ವಹಿಸಬೇಕೆಂಬುದು ನಮ್ಮ ಮದ್‌ಹಬಿನ ಪ್ರಬಲ ಅಭಿಪ್ರಾಯವಾದುದರಿಂದ ಆ ಫಜ್ರನ್ನೂ ವುಝೂ ಮಾಡಿ ಮರಳಿ ನಿರ್ವಹಿಸಿದೆ. ರಿಯಾಯಿತಿಗೂ ಅದರದೇ ಆದ ಶಿಸ್ತಿದೆ. ಅದು ಸೋಮಾರಿಗಳಿಗೆ ತೆರೆದ ಬಾಗಿಲಲ್ಲ. ಆದರೆ ಬಾಗಿಲು ಇದೆ ಎಂಬುದನ್ನು ಮುಚ್ಚಿಡುವ ಹಕ್ಕು ಕಲಿತವನಿಗಿಲ್ಲ.

ತ್ಸೋ ಕಾರ್‌ನ ಬಿಳಿಯ ಬಯಲು ಈಗಲೂ ಕಣ್ಣಮುಂದೆ ಬರುತ್ತದೆ. ಸಿಹಿನೀರು ನಿರಂತರವಾಗಿ ಬಂದು ಸೇರಿದರೂ ಹೊರಗೆ ಹರಿಯಲು ದಾರಿಯಿಲ್ಲದ ಕಾರಣ ಅದು ಉಪ್ಪಾಯಿತು. ಗುರುಗಳಿಂದ ನನ್ನೊಳಗೆ ಹರಿದು ಬಂದ ಇಲ್ಮ್ ಕೂಡಾ ಸಿಹಿಯೇ ಆಗಿತ್ತು. ಅದು ತಂದೆಯವರ ಮಂಚದವರೆಗೆ, ಹತ್ತು ಹೆಜ್ಜೆಯಷ್ಟು ದೂರ, ಹರಿಯಲಿಲ್ಲ.

ಊರಿಗೆ ಮರಳಿದ ಮೇಲೆ ತಯಮ್ಮುಮ್‌ನ ಪಾಠವನ್ನು ನಾನು ತರಗತಿಯೊಳಗೆ ಮಾಡುವುದಿಲ್ಲ. ಮಕ್ಕಳನ್ನು ಮದ್ರಸದ ಹಿಂದಿನ ಜಗಲಿಗೆ ಕರೆದೊಯ್ದು, ಒಣಮಣ್ಣಿನ ಮೇಲೆ ಪ್ರತಿಯೊಬ್ಬರ ಕೈಯನ್ನೂ ತಟ್ಟಿಸುತ್ತೇನೆ. ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿಯರು ಕಾಯಿಲೆಯಿಂದ ಮಲಗಿದ್ದರೆ ಇಂದು ಹೋಗಿ ಇದನ್ನು ಅವರಿಗೆ ತೋರಿಸಿರಿ ಎಂದು ಹೇಳುತ್ತೇನೆ. ಮೊದಲ ಸಲ ಹೀಗೆ ಮಾಡಿದ ಮರುದಿನ ಹುಡುಗಿಯೊಬ್ಬಳು, ನಮ್ಮ ಅಜ್ಜ ಒಪ್ಪುವುದಿಲ್ಲ, ನೀವೇ ಬನ್ನಿ ಎಂದಳು. ಹೋದೆ. ಮೀನುಗಾರಿಕೆಯಲ್ಲಿ ಜೀವನ ಸವೆಸಿದ ಹಿರಿಯರು. ಮೊಣಕಾಲಿನ ಕೆಳಗೆ ಪಟ್ಟಿ ಕಟ್ಟಿತ್ತು. ಒಂದು ಸಲ ಹೇಳಿದೆ; ಅವರು ತಲೆಯಾಡಿಸಿದರು. ಎರಡನೆಯ ಸಲ ಹೇಳಿದೆ. ಮೂರನೆಯ ಸಲ ನನ್ನ ತಂದೆಯವರ ಕಾಲಿನ ಕಥೆಯನ್ನು ಹೇಳಿದೆ. ಅವರು ತಂದೆಯವರನ್ನು ಬಲ್ಲವರು, ಅವರ ದೋಣಿಯಲ್ಲಿ ದಾಟಿದವರು. ಬಹಳ ಹೊತ್ತು ಮಾತನಾಡದೆ ಕುಳಿತಿದ್ದು, ಕೊನೆಗೆ ಮೊಮ್ಮಗಳನ್ನು ಕರೆದು, ತಟ್ಟೆಯಲ್ಲಿ ಸ್ವಲ್ಪ ಮಣ್ಣು ತಾ ಎಂದರು.

ಅಲ್ಲಾಹನೇ, ನನ್ನ ತಂದೆಯವರು ನಿನ್ನ ಮುಂದೆ ನಿಲ್ಲಲೆಂದು ನೋವು ಸಹಿಸಿ ಸುರಿಸಿಕೊಂಡ ಪ್ರತಿಯೊಂದು ಹನಿಯನ್ನೂ ಅವರ ಪಾಲಿಗೆ ಪುಣ್ಯವಾಗಿ ಬರೆ. ಆ ನೀರನ್ನು ಹೊಯ್ದ ಕೈಯನ್ನು ಕ್ಷಮಿಸು. ನೀನು ಸುಲಭಗೊಳಿಸಿದುದನ್ನು ಜನರಿಗೆ ಕಷ್ಟಗೊಳಿಸುವವರ ಸಾಲಿನಿಂದ ನಮ್ಮನ್ನು ದೂರವಿಡು. ಆಮೀನ್.